ಚಾದರದ ಮೇಲಿಂದ ಚೆಂಡು ಹಾರಿಸಿದ ಕೊಕ್ಕರೆ

ಇಲ್ಲ ಸ್ವಾಮಿ, ಗಡಿಯಾರ ಹಿಂದಕ್ಕೆ ಓಡಿತು ಎಂದು ನಾನು ಯಾವತ್ತೂ ಹೇಳಿಲ್ಲ. ಚೆಂಡು ಬಡಿದು ಗಡಿಯಾರ ನಿಂತಿತು ಎಂದೆ, ಅಷ್ಟೆ. ಹಿಂದಕ್ಕೆ ಓಡಿಸಿದ್ದು ನಮ್ಮ ಭಾವ. ಅವರಿಗೆ ಸುಳ್ಳು ಹೇಳುವ ಚಟ. ನನ್ನದೇನಿದ್ದರೂ ನಿಜಕ್ಕೆ ಒಂದಿಷ್ಟು ಒಗ್ಗರಣೆ ಹಾಕುವ ಕೆಲಸ. ಹಾಗೆ ಹುಬ್ಬೇರಿಸಬೇಡಿ, ಪೂರ್ತಿ ಕೇಳಿ.

ಚೆಂಡು ಹೊಡೆದವಳು ನನ್ನ ತಂಗಿ. ದೇಶದೇಶಗಳಿಂದ ಹದಿನೆಂಟರೊಳಗಿನ ಹುಡುಗಿಯರು ಬಂದು ನಮ್ಮೂರಲ್ಲಿ ವಾಲಿಬಾಲ್ ಆಡುತ್ತಾರಲ್ಲ, ಆ ಪಂದ್ಯಾವಳಿಯನ್ನು ನೀವು ಟೀವಿಯಲ್ಲಿ ನೋಡಿರುತ್ತೀರಿ. ದೀಪವೇನು, ಬ್ಯಾಂಡೇನು! ಅದರ ಚರಿತ್ರೆ ಬರೆಯುವವರೆಲ್ಲ ದೊಡ್ಡವರ ಫೋಟೊ ಹಾಕಿ ಶುರು ಮಾಡುತ್ತಾರೆ. ನನ್ನನ್ನು ಕೇಳಿದರೆ ಶುರುವಾಗಬೇಕಾದ್ದು ಒಂದು ಲಾಂಡ್ರಿಯ ಹಿತ್ತಿಲಿನಿಂದ.

ತಂಗಿಗೆ ಎಲ್ಲರೂ ಇಟ್ಟ ಹೆಸರು ಕೊಕ್ಕರೆ. ಹುಟ್ಟುವಾಗ ಕಾಲು ಮೊದಲು ಬಂತು, ಉಳಿದದ್ದು ಮಾರನೆಯ ದಿನ ಬಂತು ಎಂದು ಅಮ್ಮ ಹೇಳುತ್ತಿದ್ದಳು. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಅದು ಅಮ್ಮನ ಮಾತು, ನನ್ನದಲ್ಲ. ಬಾಗಿಲಿನ ಚೌಕಟ್ಟಿಗೆ ತಲೆ ಬಡಿಸಿಕೊಳ್ಳದೆ ಅವಳು ಒಂದು ದಿನ ಕಳೆದದ್ದಿಲ್ಲ. ದರ್ಜಿ ಅವಳ ಅಳತೆ ತೆಗೆಯಲು ಸ್ಟೂಲು ಹತ್ತುತ್ತಿದ್ದ. ಇದನ್ನು ಮಾತ್ರ ನಾನೇ ಕಣ್ಣಾರೆ ಕಂಡಿದ್ದೇನೆ.

ನಾನು ಲಾಂಡ್ರಿಯ ವ್ಯಾನು ಓಡಿಸುತ್ತಿದ್ದೆ. ಆಸ್ಪತ್ರೆಯಿಂದ, ಹೋಟೆಲುಗಳಿಂದ ಕೊಳೆಬಟ್ಟೆಯ ಮೂಟೆ ತರುವುದು, ಒಗೆದದ್ದನ್ನು ಮುಟ್ಟಿಸುವುದು. ಶಾಲೆ ಮುಗಿದ ಮೇಲೆ ತಂಗಿಯನ್ನೂ ಅಲ್ಲೇ ಸೇರಿಸಿದೆ. ಒಳಗೆ ಕಾಲಿಟ್ಟರೆ ಬರೀ ಆವಿ, ಪಕ್ಕದವರ ಮೂಗು ಕೂಡ ಕಾಣದು. ಗೋಡೆಯುದ್ದಕ್ಕೂ ಕುದಿಯುವ ಹಂಡೆಗಳು, ನಡುವೆ ಬಟ್ಟೆ ಹಿಂಡುವ ರೋಲರು, ಆ ಕೊನೆಗೆ ಇಸ್ತ್ರಿ ಮೇಜುಗಳು. ಅಲ್ಲಿಯ ಒಡತಿ ಇಸ್ತ್ರಿ ಚಿಕ್ಕಮ್ಮ. ಯಾರಿಗೂ ಚಿಕ್ಕಮ್ಮನಲ್ಲ, ಎಲ್ಲರಿಗೂ ಚಿಕ್ಕಮ್ಮ. ಅವಳ ಬೈಗುಳಕ್ಕೇ ಬಟ್ಟೆಯ ಸುಕ್ಕು ಬಿಡುತ್ತಿತ್ತು, ಇಸ್ತ್ರಿಪೆಟ್ಟಿಗೆ ನೆಪಕ್ಕೆ ಇಟ್ಟುಕೊಂಡಿದ್ದಳು.

ಮಧ್ಯಾಹ್ನ ಬಿಡುವಾದರೆ ಹುಡುಗಿಯರು ಎರಡು ತುತ್ತು ನುಂಗಿ ಹಿತ್ತಿಲಿಗೆ ಓಡುತ್ತಿದ್ದರು. ಅಲ್ಲಿ ಎತ್ತರದ ಹಗ್ಗದ ಮೇಲೆ ಆಸ್ಪತ್ರೆಯ ಬಿಳಿ ಚಾದರಗಳು ಸಾಲಾಗಿ ಒಣಗುತ್ತಿದ್ದವು. ಅದೇ ಅವರ ನೆಟ್ಟು. ಆಚೆ ಆರು ಜನ, ಈಚೆ ಆರು ಜನ. ಕಾನೂನು ಒಂದೇ: ಚಾದರಕ್ಕೆ ಚೆಂಡು ತಾಗಿಸಿದವಳು ಅದನ್ನು ಮತ್ತೆ ಒಗೆಯಬೇಕು. ಹಂಡೆಗೆ ಹಾಕಿ, ಕುದಿಸಿ, ಹಿಂಡಿ, ಎಲ್ಲ ಮೊದಲಿನಿಂದ. ಆ ಹೆದರಿಕೆಗೆ ಚೆಂಡು ಆಕಾಶದಲ್ಲೇ ಓಡಾಡುತ್ತಿತ್ತು. ಇನ್ನೊಂದು ವಿಷಯ. ಚಾದರದ ಆಚೆ ನಿಂತವರ ಮುಖ ಕಾಣುವುದಿಲ್ಲ, ಕೆಳಗೆ ಕಾಲು ಮಾತ್ರ ಕಾಣುತ್ತದೆ. ಯಾರ ಹಿಮ್ಮಡಿ ಎದ್ದಿತು, ಯಾರ ಹೆಬ್ಬೆರಳು ಎತ್ತ ತಿರುಗಿತು, ಅಷ್ಟು ನೋಡಿದರೆ ಸಾಕು, ಚೆಂಡು ಎಲ್ಲಿಗೆ ಬರುತ್ತದೆಂದು ಇವರಿಗೆ ಗೊತ್ತಾಗುತ್ತಿತ್ತು. ಕಾಲು ನೋಡಿ ಯಾರಿಗೆ ನೆಗಡಿಯಾಗಿದೆ ಎಂದು ಕೂಡ ತಂಗಿ ಹೇಳುತ್ತಿದ್ದಳು ಎಂದರೆ ನೀವು ಎದ್ದು ಹೋಗುತ್ತೀರಿ. ಬೇಡ, ಬಿಡಿ.

ಆ ಪಂದ್ಯಾವಳಿ ಮೊದಲು ಹುಡುಗರದ್ದು. ಹುಡುಗರು ಊಟಕ್ಕೆ ಹೋದಾಗ ಜನ ಎದ್ದು ಹೋಗದಿರಲಿ ಎಂದು ಹುಡುಗಿಯರನ್ನು ಒಂದು ಗಳಿಗೆ ಆಡಿಸುತ್ತಿದ್ದರು. ನಾನು ಹೇಳುತ್ತಿರುವ ವರ್ಷ ಮೊದಲ ಸಲ ಹುಡುಗಿಯರಿಗೂ ಬೇರೆಯೇ ವಿಭಾಗ ಮಾಡಿದ್ದರು. ಮೂರು ದೇಶದವರು ಬಂದಿಳಿದರು. ನಾಲ್ಕನೆಯವರ ಹಡಗು ಕೆಟ್ಟು ಯಾವುದೋ ಬಂದರಿನಲ್ಲಿ ಕೂತಿತ್ತಂತೆ. ಮೂರು ತಂಡಕ್ಕೆ ಜೋಡಿ ಕೂಡುವುದಿಲ್ಲ. ನಮ್ಮದೇ ತಂಡ ಕಳಿಸೋಣ ಎಂದರೆ, ನಮ್ಮ ದೇಶಕ್ಕೆ ಆಗ ಹುಡುಗಿಯರ ತಂಡವೇ ಇರಲಿಲ್ಲ.

ಪಂದ್ಯಾವಳಿಯ ಕಾರ್ಯದರ್ಶಿಗಳು ಆಟಗಾರರ ಟವೆಲುಗಳನ್ನು ಒಗೆಯಲು ಕೊಡಲೆಂದು ನಮ್ಮಲ್ಲಿಗೆ ಬಂದರು. ತೆಳ್ಳಗಿನ ಮನುಷ್ಯ, ನಗಬೇಕಾದರೂ ಸಭೆ ಕರೆದು ಒಪ್ಪಿಗೆ ತೆಗೆದುಕೊಳ್ಳುವಂಥವರು. ಹಿತ್ತಿಲಿನ ಗದ್ದಲ ಕೇಳಿ ಇಣುಕಿದರು. ಇಣುಕಿದವರು ಅಲ್ಲೇ ನಿಂತುಬಿಟ್ಟರು.

“ಇವರಿಗೆಲ್ಲ ಎಷ್ಟು ವಯಸ್ಸು?”

“ಹದಿನೆಂಟು ದಾಟಿರೋಳು ನಾನೊಬ್ಬಳೇ ಸ್ವಾಮಿ. ನನ್ನ ಬಿಟ್ಟು ಯಾರನ್ನ ಬೇಕಾದ್ರೂ ಕರ್ಕೊಂಡ್ಹೋಗಿ,” ಎಂದಳು ಇಸ್ತ್ರಿ ಚಿಕ್ಕಮ್ಮ.

ಕಾರ್ಯದರ್ಶಿಗಳು ತಂಗಿಯ ಕಡೆ ಕತ್ತೆತ್ತಿದರು. “ನೋಡಮ್ಮ, ಬೇರೆ ದಾರಿ ಇಲ್ದೆ ಕರೀತಿದೀನಿ. ಹುಡುಗಿಯರ ಆಟ ಯಾಕೆ ಬೇಕು ಅಂತ ಸಮಿತಿಲಿ ಆಗ್ಲೇ ಗೊಣಗ್ತಿದಾರೆ. ನಮ್ಮೂರ ತಂಡ ಒಂದೇ ಒಂದು ಪಂದ್ಯ ಗೆದ್ರೂ ಅವರ ಮುಂದೆ ನನಗೊಂದು ಬಾಯಿರತ್ತೆ. ಇಲ್ಲಾಂದ್ರೆ ಮುಂದಿನ ವರ್ಷದಿಂದ ಹುಡುಗರದು ಮಾತ್ರ.”

“ಗೆದ್ರೆ ಪ್ರತಿ ವರ್ಷ ಇರತ್ತಾ?”

“ಇರತ್ತೆ.”

“ಊಟದ ಬಿಡುವಲ್ಲಲ್ಲ ತಾನೆ?”

“ಅಲ್ಲಮ್ಮ, ಅಲ್ಲ.”

“ಹಾಗಾದ್ರೆ ಬರ್ತೀವಿ. ಅಣ್ಣಾ, ವ್ಯಾನು ತೊಳಿ!”

ಅವತ್ತಿನ ತನಕ ಅವಳು ಏನನ್ನೂ ಇಷ್ಟು ಗಟ್ಟಿಯಾಗಿ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಪಂದ್ಯದ ದಿನ ಹುಡುಗಿಯರನ್ನೆಲ್ಲ ಬಟ್ಟೆಮೂಟೆಗಳ ಮೇಲೆಯೇ ಕೂರಿಸಿಕೊಂಡು ಹೋದೆ. ದಾರಿಯುದ್ದಕ್ಕೂ ಹಾಡು, ಕಿರುಚಾಟ. ಕ್ರೀಡಾಂಗಣದ ಒಳಗೆ ಹೋದದ್ದೇ ಎಲ್ಲರ ಬಾಯಿ ಬಂದ್.

ನಿಜವಾದ ನೆಟ್ಟಿನಲ್ಲಿ ತೂತುಗಳಿರುತ್ತವೆ ನೋಡಿ. ಆಚೆಯವರು ಪೂರ್ತಿ ಕಾಣುತ್ತಾರೆ! ಮುಖ, ಕಣ್ಣು, ಕಿವಿಯೋಲೆ, ಎಲ್ಲ! ಸ್ನಾನದ ಮನೆಯ ಬಾಗಿಲು ತಾನಾಗಿ ತೆರೆದುಕೊಂಡಂತೆ ನಮ್ಮ ಹುಡುಗಿಯರು ಮುದುಡಿಕೊಂಡರು. ಆಚೆಯ ನಾಯಕಿ ಎಡಕ್ಕೆ ಕಣ್ಣು ಹಾಯಿಸಿ ಬಲಕ್ಕೆ ಹೊಡೆದಳು. ಇವರು ಅವಳ ಕಣ್ಣನ್ನು ನಂಬಿ ಎಡಕ್ಕೆ ನುಗ್ಗಿ ಒಬ್ಬರ ಮೇಲೊಬ್ಬರು ಬಿದ್ದರು.

ಅದಾದರೂ ಪರವಾಗಿಲ್ಲ. ಚೆಂಡು ನೆಟ್ಟಿಗೆ ಬಡಿದು ನಮ್ಮ ಕಡೆಗೇ ಬಿದ್ದರೆ, ನೆಲ ಮುಟ್ಟುವ ಮೊದಲು ಎತ್ತಿ ಆಟ ಮುಂದುವರಿಸಬಹುದು. ಇವರು ಎತ್ತಿದರೆ ತಾನೆ! ಅಷ್ಟೂ ಜನ ಬಾಯಿ ಮೇಲೆ ಕೈಯಿಟ್ಟು “ಅಯ್ಯೋ!” ಎಂದು ನಿಂತರು. ಗಿಡ್ಡಿ ಎಂದೊಬ್ಬಳಿದ್ದಳು, ರೋಲರು ತಿರುಗಿಸುವವಳು. ಅವಳಂತೂ ಹತ್ತಿರ ಹೋಗಿ ನೆಟ್ಟಿಗೆ ಕಲೆಯಾಯಿತೇ ಎಂದು ಉಗುರಿನಿಂದ ಕೆರೆದು ನೋಡಿದಳು. ರೆಫರಿ ಸೀಟಿ ಬಾಯಲ್ಲಿಟ್ಟುಕೊಂಡು ಊದುವುದನ್ನೇ ಮರೆತ.

ಹೀಗೆ ಎರಡು ಪಂದ್ಯ ಕೈಬಿಟ್ಟು ಹೋದವು. ಉಳಿದದ್ದು ಒಂದೇ, ಅದೂ ಯಾರಿಗೂ ಸೋಲದವರ ಜೊತೆ. ಅವರಲ್ಲೊಬ್ಬಳ ಎತ್ತರ ಏನು ಹೇಳಲಿ! ಒಂದು ಪಾರಿವಾಳ ಅವಳ ತಲೆಯನ್ನೇ ಛಾವಣಿಯ ತೊಲೆ ಎಂದುಕೊಂಡು ಕೂತು, ಗೂಡು ಕಟ್ಟಲು ಕಡ್ಡಿ ತಂದಿತ್ತು. ಸರಿ, ಸರಿ, ಕಡ್ಡಿ ಬೇಡ. ಪಾರಿವಾಳವನ್ನಾದರೂ ಬಿಡಿ ನನಗೆ.

ಮೊದಲ ಸೆಟ್ಟೂ ಹೋಯಿತು. ಇನ್ನೊಂದು ಹೋದರೆ ಎಲ್ಲ ಮುಗಿದಂತೆ. ಕಾರ್ಯದರ್ಶಿಗಳು ಸಾವಿನ ಮನೆಯಲ್ಲಿ ಕೂತವರಂತೆ ಕೈಕಟ್ಟಿ ಕೂತಿದ್ದರು. ಇಸ್ತ್ರಿ ಚಿಕ್ಕಮ್ಮ ಮೆಟ್ಟಿಲು ಇಳಿದು ಬಂದವಳೇ ಶುರು ಮಾಡಿದಳು.

“ಅವರ ಮುಖದಲ್ಲೇನು ಸಿನಿಮಾ ಓಡ್ತಿದೆಯೇನ್ರೇ? ಬಾಯಿ ಬಿಟ್ಕೊಂಡು ನೋಡ್ತೀರಲ್ಲ!”

ನೆಲದ ಮೇಲೆ ಕಾಲು ಚಾಚಿ ಕೂತಿದ್ದ ತಂಗಿ ಮೆಲ್ಲಗೆ ತಲೆಯೆತ್ತಿದಳು. “ಹೌದು ಚಿಕ್ಕಮ್ಮ. ಮುಖ ಸುಳ್ಳು ಹೇಳತ್ತೆ. ಕಾಲು ಹೇಳಲ್ಲ.” ಉಳಿದವರನ್ನು ಹತ್ತಿರ ಎಳೆದುಕೊಂಡಳು. “ಕೇಳ್ರೇ. ಎಲ್ಲಾರೂ ಬಗ್ಗಿ ನಿಂತ್ಕೊಳ್ಳಿ. ಕಣ್ಣು ನೆಟ್ಟಿನ ಕೆಳಗೆ. ಮೇಲೆ ಚಾದರ ಇದೆ ಅಂದ್ಕೊಳ್ಳಿ.”

“ಚಾದರ ಅಂದ್ಕೊಂಡ್ರೆ ಚೆಂಡು ತಾಗಿದಾಗ ಎದೆ ಧಸಕ್ ಅನ್ನತ್ತಲ್ಲೇ!” ಎಂದಳು ಗಿಡ್ಡಿ.

“ಈ ಚಾದರ ನಮ್ಮದಲ್ಲ ಕಣೇ. ಕೊಳೆಯಾದ್ರೆ ಕಾರ್ಯದರ್ಶಿಗಳು ಒಗೀತಾರೆ.”

ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸೋಲುವವರು ಹಾಗೆ ನಗುವುದನ್ನು ಆಚೆಯವರು ಕಂಡಿರಲಿಲ್ಲವೇನೋ, ನೀರು ಕುಡಿಯುವುದನ್ನು ನಿಲ್ಲಿಸಿ ನೋಡಿದರು.

ಆಮೇಲೆ ನಡೆದದ್ದಕ್ಕೆ ಒಗ್ಗರಣೆಯೇ ಬೇಡ. ಈ ತಂಡದ ನಾಯಕಿಯೂ ಎಡಕ್ಕೆ ನೋಡಿದಳು, ಇವರು ಅಲುಗಲಿಲ್ಲ. ಬಲಕ್ಕೆ ಹೊಡೆದಳು, ಅಲ್ಲಿ ಗಿಡ್ಡಿ ಮೊದಲೇ ಹೋಗಿ ಬಟ್ಟೆ ಬುಟ್ಟಿ ಹಿಡಿದವಳಂತೆ ಕೈ ಜೋಡಿಸಿ ನಿಂತಿದ್ದಳು. ಎತ್ತರದವಳು ಎಗರುವ ಮುಂಚೆ ಅವಳ ಬಲ ಹಿಮ್ಮಡಿ ಒಳಕ್ಕೆ ತಿರುಗುತ್ತಿತ್ತು. ಅದು ತಿರುಗಿದ್ದೇ ತಡ, ತಂಗಿ ಎದುರು ಹಾರಿ ಎರಡು ಕೈ ಅಡ್ಡ ಇಡುತ್ತಿದ್ದಳು. ಹೊಡೆದ ಚೆಂಡು ಹೊಡೆದವಳ ಕಾಲಬುಡಕ್ಕೇ ವಾಪಸ್ಸು. ಎರಡನೆಯ ಸೆಟ್ಟು ನಮ್ಮದಾಯಿತು. ಟಿಕೆಟು ಹರಿಯುವವನು ಬಾಗಿಲು ಬಿಟ್ಟು ಒಳಗೆ ಬಂದ, ಬೀದಿಯಲ್ಲಿ ಹೋಗುವವರೂ ಅವನ ಹಿಂದೆ ಬಂದರು.

ಮೂರನೆಯದರಲ್ಲಿ ಸಮಸಮ ಬಂದು, ನಾವು ಒಂದು ಮುಂದೆ ಹೋದೆವು. ಇನ್ನೊಂದು ಅಂಕ ಸಾಕು. ಎತ್ತರದವಳು ಬೀಸಿ ಹೊಡೆದಳು. ನಮ್ಮವಳೊಬ್ಬಳು ತಡೆದದ್ದು ಅಡ್ಡಾದಿಡ್ಡಿ ಹಾರಿ ನೆಟ್ಟಿಗೇ ಬಡಿಯಿತು. ಇಡೀ ಕ್ರೀಡಾಂಗಣ “ಅಯ್ಯೋ!” ಎಂದಿತು. ನಮ್ಮ ಹುಡುಗಿಯರಲ್ಲಿ ಒಬ್ಬಳ ಬಾಯಿಂದಲೂ ಆ ಮಾತು ಬರಲಿಲ್ಲ. ಗಿಡ್ಡಿ ಹೊಟ್ಟೆಯ ಮೇಲೆ ಜಾರಿಕೊಂಡು ಹೋಗಿ, ನೆಲಕ್ಕೆ ಅಂಗೈಯಷ್ಟು ಎತ್ತರದಲ್ಲಿದ್ದ ಚೆಂಡನ್ನು ಮೇಲಕ್ಕೆ ಚಿಮ್ಮಿಸಿದಳು. “ಕೊಕ್ಕರೇ!” ಎಂದು ಕೂಗಿದ್ದು ಅವಳೋ ನಾನೋ ಗೊತ್ತಿಲ್ಲ.

ತಂಗಿ ಹಾರಿದಳು. ಹಾರುವ ಮೊದಲು ಒಂದು ಸಲ ನೆಟ್ಟಿನ ಕೆಳಗೆ ನೋಡಿದ್ದನ್ನು ನಾನು ಕಂಡೆ. ಆಚೆ ಹಿಂದಿನ ಮೂಲೆಯಲ್ಲಿ ಯಾರ ಕಾಲೂ ಇರಲಿಲ್ಲ. ಅಲ್ಲಿಗೇ ಹೊಡೆದಳು. ಚೆಂಡು ನೆಲಕ್ಕೆ ಬಡಿದು, ಪುಟಿದು, ಗೋಡೆಯ ಗಡಿಯಾರಕ್ಕೆ ಹೋಗಿ ಗುದ್ದಿತು. ನಿಂತಿತೋ ಇಲ್ಲವೋ ಎಂದು ಯಾರು ನೋಡಿದರು, ಎಲ್ಲರೂ ಅಂಗಳಕ್ಕೆ ನುಗ್ಗುತ್ತಿದ್ದಾಗ! ಇಸ್ತ್ರಿ ಚಿಕ್ಕಮ್ಮ ರೆಫರಿಯನ್ನು ತಬ್ಬಿಕೊಂಡಳು. ಆಚೆಯ ಎತ್ತರದ ಹುಡುಗಿ ನೆಟ್ಟಿನ ಕೆಳಗಿಂದ ನುಸುಳಿ ಬಂದು ಕೈ ಚಾಚಿದಳು. ಇನ್ನೊಬ್ಬ ಹೆಣ್ಣಿನ ಮುಖ ನೋಡಲು ನನ್ನ ತಂಗಿ ಕತ್ತೆತ್ತಿದ್ದು ಅದೇ ಮೊದಲು. ಒಬ್ಬಳ ಭಾಷೆ ಇನ್ನೊಬ್ಬಳಿಗೆ ಬಾರದು, ಇಬ್ಬರೂ ನಗುತ್ತಲೇ ನಿಂತರು.

ಕಾರ್ಯದರ್ಶಿಗಳು ಕುರ್ಚಿಯ ಮೇಲೆ ಹತ್ತಿ, ಯಾವ ಸಭೆಯ ಒಪ್ಪಿಗೆಯನ್ನೂ ಕೇಳದೆ ಗಂಟಲು ಹರಿದುಕೊಂಡರು: “ಮುಂದಿನ ವರ್ಷವೂ ಹುಡುಗಿಯರ ಆಟ ಇದೆ! ಅದರ ಮುಂದಿನ ವರ್ಷವೂ ಇದೆ!”

ಇತ್ತು. ಒಂದು ವರ್ಷವೂ ತಪ್ಪಲಿಲ್ಲ. ಈಗ ಬರುವ ತಂಡಗಳಿಗೆ ಊರಿನ ಹೋಟೆಲುಗಳು ಸಾಲುವುದಿಲ್ಲ. ತಂಗಿ ಲಾಂಡ್ರಿಯಲ್ಲೇ ಮೇಲ್ವಿಚಾರಕಿಯಾದಳು, ಮದುವೆಯಾದಳು, ಅಜ್ಜಿಯಾದಳು. ಹಿತ್ತಿಲಿನಲ್ಲಿ ಅವಳು ಪಳಗಿಸಿದ ಹುಡುಗಿಯರು ದೇಶದ ತಂಡಕ್ಕೇ ಹೋದರು. ಹೋದ ಸಲ ಉದ್ಘಾಟನೆಗೆ ಅವಳನ್ನೇ ಕರೆದಿದ್ದರು. ಮೈಕು ಕೊಟ್ಟರೆ, “ಮಾತು ಬೇಡಪ್ಪ, ಚೆಂಡು ಕೊಡಿ,” ಎಂದಳು. ಆ ವಯಸ್ಸಿನಲ್ಲಿ ಒಂದು ಹೊಡೆತ ಕೊಟ್ಟಳು ನೋಡಿ, ಚೆಂಡು ಛಾವಣಿಯ ಕಿಟಕಿಯಿಂದ ಹೊರಗೆ ಹೋಗಿ, ರೈಲ್ವೆ ಸೇತುವೆ ದಾಟಿ...

“ಮಾವಾ! ತಟ್ಟೆ ಹಾಕಿ ಎಷ್ಟೊತ್ತಾಯ್ತು, ಎಲ್ಲ ಆರಿಹೋಗ್ತಿದೆ!”

ಸೊಸೆ ಕರೆಯುತ್ತಿದ್ದಾಳೆ. “ಬಂದೆ ಕಣಮ್ಮ! ಚೆಂಡು ಇನ್ನೂ ಗಾಳೀಲಿದೆ!”

“ಅದು ಗಾಳೀಲೇ ಇರ್ಲಿ, ನೀವು ಬನ್ನಿ!”