ಅತ್ತಿ ಕುಂಚಿಗಿ

“ಇದು ಕೂಸಿಗೆ ಹೊಲಿದಿಯೋ, ಬೆಕ್ಕಿಗೆ ಹೊಲಿದಿಯೋ?”

ಸಿರುಗುಪ್ಪದ ನಮ್ಮ ಸೋದರತ್ತೆ ನಾನು ಹೊಲಿದದ್ದನ್ನು ಬೆಳಕಿಗೆ ಹಿಡಿದು ಕೇಳಿದ ಮೊದಲ ಪ್ರಶ್ನೆ ಇದು. ಬಳ್ಳಾರಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದ ನಾನು ಮೊದಲು ಒಂದು ತಂಬಿಗೆ ನೀರು ಕುಡಿದೆ.

ಹೊಲಿದದ್ದು ಕುಂಚಿಗಿ. (ಪುಸ್ತಕದಲ್ಲಿ ಕುಂಚಿಗೆ. ನಮ್ಮ ಕಡೆ ಮನೆ ಮನಿಯಾದ, ಅತ್ತೆ ಅತ್ತಿಯಾದ ಹಾಗೆ ಇದೂ ಕುಂಚಿಗಿ.) ಕೂಸಿನ ತಲೆಗೆ ಟೋಪಿಯಾಗಿ ಬೆನ್ನ ಮೇಲೆ ಇಳಿಬೀಳುವ ಬಟ್ಟೆ. ನನ್ನ ತಮ್ಮನ ಮಗಳನ್ನು ಭಾನುವಾರ ಕುರುಗೋಡಿನಲ್ಲಿ, ಅವಳ ತಾಯಿಯ ತವರಿನಲ್ಲಿ, ತೊಟ್ಟಿಲಿಗೆ ಹಾಕುವವರಿದ್ದರು. ತಮ್ಮನ ಹೆಂಡತಿ ಸುಜಾತಾ ಆನ್‌ಲೈನ್‌ನಲ್ಲಿ ಮೊಲದ ಕಿವಿಯ ಟೋಪಿ ತರಿಸಿದ್ದಳು. ಮುದ್ದಾಗಿಯೇ ಇತ್ತು. ಬೇಡವೆಂದವಳು ನಾನು.

“ನಮ್ಮ ಮನಿತನದಾಗ ಮೊದಲ ಕುಂಚಿಗಿ ಅತ್ತಿನೇ ಕೈಯಾರೆ ಹೊಲೀಬೇಕು” ಎಂದೆ. ಪಾಪ, ಸುಜಾತಾ ಮೊಲದ ಕಿವಿ ಮಡಚಿ ಕಪಾಟಿನಲ್ಲಿಟ್ಟಳು.

ಇಷ್ಟು ಖಡಾಖಂಡಿತವಾಗಿ ಹೇಳಲು ನನಗೆ ಆಧಾರವೇನು? ನನ್ನದೇ ಕುಂಚಿಗಿ. ಅದು ಈಗಲೂ ಅವ್ವನ ಟ್ರಂಕಿನಲ್ಲಿದೆ. ಹೊರಗೆ ಕೆಂಪು ರೇಷ್ಮೆ, ಒಳಗೆ ಬಿಳಿ ಅಸ್ತರು, ನೆತ್ತಿಯ ಮೂಲೆಯನ್ನು ಒಳಕ್ಕೆ ತಿರುವಿ ಹಾಕಿದ ಎರಡು ಪುಟಾಣಿ ಹೊಲಿಗೆ. ನಾನು ಚಿಕ್ಕವಳಿದ್ದಾಗ ಅಪ್ಪನ ತಾಯಿ, ನಮ್ಮಜ್ಜಿ, ಅದನ್ನು ತೆಗೆದು ತೋರಿಸಿ ಹೇಳುತ್ತಿದ್ದಳು: “ನೋಡವ್ವಾ, ಅತ್ತಿ ಕುಂಚಿಗಿ.”

ನನಗಾಗಿ ಅತ್ತೆ ಕೂತು ಹೊಲಿದರಲ್ಲ ಎಂದು ಕರಗಿಹೋಗುತ್ತಿದ್ದೆ. ನೌಕರಿ ಸಿಕ್ಕ ಮೇಲೆ ದೀಪಾವಳಿಗೆ ಅವರಿಗೊಂದು ಸೀರೆ ಎಂದೂ ತಪ್ಪಿಲ್ಲ.

ಈಗ ಆ ನೆತ್ತಿಯ ಮೂಲೆ ನನ್ನ ಕೈಗೆ ಬಗ್ಗುತ್ತಿರಲಿಲ್ಲ. ಎಷ್ಟು ಸಲ ಬಿಚ್ಚಿ ಹೊಲಿದರೂ ಕೊಂಬಿನಂತೆ ನೆಟ್ಟಗೆ ನಿಲ್ಲುತ್ತಿತ್ತು. ಹೊಲಿದವರನ್ನೇ ಕೇಳೋಣವೆಂದು ಬಂದಿದ್ದೆ.

“ನನಗೇನು ಗೊತ್ತವ್ವಾ? ನಾನು ಒಂದು ಗುಂಡಿ ಹಚ್ಚಾಕೂ ದರ್ಜಿ ಕಡೆ ಹೋಗಾಕಿ” ಎಂದರು ಅತ್ತೆ.

“ಮತ್ತ ನನ್ನ ಕುಂಚಿಗಿ ನೀವೇ ಹೊಲಿದಿದ್ರಲ್ಲ?”

“ಯಾರಂದ್ರು?”

“ಅಜ್ಜಿ. ಅತ್ತಿ ಕುಂಚಿಗಿ ಅಂತಿದ್ಲಲ್ಲ.”

ಅತ್ತೆ ಹಲ್ಲಿನ ಸೆಟ್ಟು ಕೈಯಲ್ಲಿ ಹಿಡಿದುಕೊಳ್ಳುವಷ್ಟು ನಕ್ಕರು.

“ಎಂ.ಎ. ಅಲ್ಲ ನೀನು, ಎಮ್ಮಿ! ನಮ್ಮವ್ವ ಹಾಲಿಗೆ ಆಲು ಅಂತಿದ್ಲು, ಹೂವಿಗೆ ಊವು ಅಂತಿದ್ಲು. ಹತ್ತಿಗೆ ಏನಂತಾಳ? ಅದು ಹತ್ತಿ ಕುಂಚಿಗಿ!”

ಮಾತಿನಲ್ಲಿ ‘ಹ’ಕಾರ ಬಿದ್ದುಹೋಗುವ ಬಗ್ಗೆ ಕನ್ನಡ ಎಂ.ಎ. ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವಳು ನಾನು. (ಅಂಕವೂ ಚೆನ್ನಾಗಿಯೇ ಬಂದಿತ್ತು.) ನಮ್ಮನೆಯಲ್ಲೇ ಬಿದ್ದ ‘ಹ’ ನನಗೆ ಕಾಣಲಿಲ್ಲವೆ?

“ಆದ್ರ ಅದು ರೇಷ್ಮಿದು!” ಎಂದೆ, ಸೋಲಲು ಮನಸ್ಸಿಲ್ಲದೆ.

“ಒಳಗ? ಅಸ್ತರು ಹತ್ತಿದು. ಕೂಸಿಗೆ ರೇಷ್ಮಿ ಚುಚ್ಚತೈತಿ.”

“ಹಂಗಾದ್ರ ಹೊಲಿದೋರು ಯಾರು?”

“ನಿಮ್ಮವ್ವನ್ನ ಕೇಳು.”

“ಕೇಳೀನಿ. ‘ನಾನು ಬಾಣಂತಿ ಇದ್ದೆ, ನನಗ ತೋರಿಸಿ ಹೊಲಿದ್ರೇನು’ ಅಂತಾಳ.”

ಅತ್ತೆ ನನ್ನ ಬಟ್ಟೆಯನ್ನು ಮಡಚಿ ಕೈಗೆ ಕೊಟ್ಟರು. “ಹಂಗಾರ ಆ ಸೀರಿ ಎಲ್ಲಾ ಕುಂಚಿಗಿ ಸಲುವಾಗಿ ತರ್ತಿದ್ದಿಯೇನು? ನಾನು ನನ್ನ ಸಲುವಾಗಿ ಅಂದ್ಕೊಂಡಿದ್ದೆ.”

ನಗುತ್ತಲೇ ಹೇಳಿದರು. ನಗುತ್ತಿದ್ದರೇ? ಈಗ ಖಾತ್ರಿಯಿಲ್ಲ.

ವಾಪಸ್ ಬರುವಾಗ ಬಸ್ಸಿನಿಂದಲೇ ತಮ್ಮನಿಗೆ ಫೋನ್ ಮಾಡಿದೆ. “ಅಕ್ಕಾ, ಅತ್ತಿನೇ ಹೊಲಿದದ್ದು. ಅಜ್ಜಿ ಹೇಳಿದ್ದು ನನಗೂ ನೆನಪೈತಿ” ಎಂದ. ಅಜ್ಜಿ ತೀರಿಕೊಂಡಾಗ ಈ ಮಹಾಶಯ ಇನ್ನೂ ಅಂಬೆಗಾಲಿಡುತ್ತಿದ್ದ! ಅವನ ನೆನಪು ನಾನು ಹೇಳಿಕೊಟ್ಟದ್ದು. ನನ್ನದು ಯಾರು ಹೇಳಿಕೊಟ್ಟದ್ದು? ಅಜ್ಜಿ ಹೇಳಿದ್ದೋ, ನನಗೆ ಬೇಕಾದದ್ದೋ?

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ರೆಡಿಮೇಡ್ ಕುಂಚಿಗಿಗಳು ಸಾಲಾಗಿ ನೇತಾಡುತ್ತಿದ್ದವು. ಮುಟ್ಟಿ ನೋಡಿದೆ. ಕೊನೆಗೆ ಕೊಂಡದ್ದು ಅಸ್ತರಿಗೆಂದು ಒಂದು ತುಂಡು ಹತ್ತಿ ಬಟ್ಟೆ. ಅತ್ತಿ ಸುಳ್ಳಾದರೆ ಹತ್ತಿಯಾದರೂ ನಿಜವಾಗಲಿ ಎಂದಿರಬೇಕು.

ಭಾನುವಾರ ಕುರುಗೋಡಿನಲ್ಲಿ ಸುಜಾತಾಳಿಗೆ ಎಲ್ಲ ಹೇಳಿಬಿಡುವುದೆಂದೇ ಹೋದೆ. ಆ ಪದ್ಧತಿ ನನ್ನ ಕಿವಿಯ ತಪ್ಪು, ನಿನ್ನ ಮೊಲದ ಟೋಪಿಯನ್ನೇ ಹಾಕು, ಎಂದು. ಬಾಯಿ ತೆರೆಯುವಷ್ಟರಲ್ಲಿ ಅವಳ ತಾಯಿ ಹಿಂದಿನಿಂದ ಕೂಗಿದರು.

“ಕೂಸಿನ ತಲಿ ಬರಿದೈತಿ, ಅತ್ತಿ ಕುಂಚಿಗಿ ಆಕ್ರಿ ಮೊದ್ಲ!”

ಆಕ್ರಿ. ಹಾಕ್ರಿ ಅಲ್ಲ. ಇವರ ಬಾಯಲ್ಲೂ ‘ಹ’ ಇಲ್ಲ! ಯಾವ ಅತ್ತಿ ಎಂದು ಆ ಗದ್ದಲದಲ್ಲಿ ಹೇಗೆ ಕೇಳುವುದು? ಸುಮ್ಮನೆ ಹಾಕಿದೆ. ನೆತ್ತಿಯ ಮೂಲೆ ಕೊಂಬಿನಂತೆ ಎದ್ದು ನಿಂತಿತು. ಹೆಂಗಸರೆಲ್ಲ ಗೊಳ್ಳೆಂದರು.

ಸಿರುಗುಪ್ಪದ ಅತ್ತೆಯೂ ಬಂದಿದ್ದರು. ನಾನು ಕೊಟ್ಟ ಸೀರೆಯಲ್ಲಿ. “ಸೂಜಿ ತಂದೀಯೇನು? ತಾ ಇಲ್ಲಿ” ಎಂದು ಕುಂಚಿಗಿ ಬಿಚ್ಚಿಕೊಂಡರು. ಪಕ್ಕದವರೊಡನೆ ಮಾತು ನಿಲ್ಲಿಸದೆ, ಬಟ್ಟೆಯ ಕಡೆ ಸರಿಯಾಗಿ ನೋಡದೆ, ಮೂಲೆಯನ್ನು ಒಳಕ್ಕೆ ತಿರುವಿ ಎರಡು ಪುಟಾಣಿ ಹೊಲಿಗೆ ಹಾಕಿದರು. ದಾರವನ್ನು ಬೆರಳಿಗೆ ಸುತ್ತಿ ಹರಿದರು. ಮೂಲೆ ತೆಪ್ಪಗೆ ಕೂತಿತು, ಟ್ರಂಕಿನಲ್ಲಿರುವುದರ ಹಾಗೆಯೇ.

“ಅತ್ತಿ, ಇದು ನಿಮಗ ಹೆಂಗ ಗೊತ್ತು?” ಎಂದೆ.

“ಯಾವುದು?” ಎಂದು ಕೂಸನ್ನು ಎತ್ತಿಕೊಂಡರು.

ಬರುವ ದೀಪಾವಳಿಗೆ ನಾನು ಸೀರೆ ಒಯ್ದರೆ, ಅದು ಯಾವುದರ ಸಲುವಾಗಿ ಎನ್ನಲಿ?