ಅಕ್ಕ ಒರೆಸಿದ ಆಸಿಡ್

ಸರಕು ಎತ್ತುವ ಫೋರ್ಕ್‌ಲಿಫ್ಟ್ ಗಾಡಿಯ ಬ್ಯಾಟರಿಗೆ ಚಾರ್ಜ್ ಮುಗಿದ ಮೇಲೆ ನೀರು ಹಾಕಬೇಕು; ಮೊದಲೇ ತುಂಬಿಸಿದರೆ ಚಾರ್ಜ್ ಆಗುವಾಗ ಆಸಿಡ್ ಉಕ್ಕುತ್ತದೆ. ಗೊತ್ತಿದ್ದೂ ಕಮಲಾಪುರದ ಬಸ್ ತಪ್ಪೀತೆಂದು ಮೊದಲೇ ತುಂಬಿಸಿ, ಚಾರ್ಜಿಗೆ ಹಚ್ಚಿ ಹೊರಟುಬಿಟ್ಟೆ. ಮರುದಿನ ಬೆಳಿಗ್ಗೆ ಕಲಬುರಗಿಯ ಗೋದಾಮಿಗೆ ಬಂದಾಗ, ಅಲ್ಲೇ ಕಸ ಗುಡಿಸುವ ನನ್ನಕ್ಕ ನಳದ ಕೆಳಗೆ ಕೈ ಹಿಡಿದು ನಿಂತಿದ್ದಳು. ಬ್ಯಾಟರಿಯಿಂದ ಉಕ್ಕಿ ಹರಿದ ಆಸಿಡ್ಡನ್ನು ನೀರೆಂದು ತಿಳಿದು ಬರಿಗೈಯಲ್ಲಿ ಒರೆಸಿದ್ದಳು. ಅಂಗೈ ಸುಲಿದಿತ್ತು.

“ಬ್ಯಾಟರಿ ಹಂತ್ಯಾಕ ಯಾಕ ಹೋಗಿದ್ದಿ? ಬುದ್ಧಿ ಐತಿಲ್ಲೋ?” ಎಂದು ಸೂಪರ್‌ವೈಸರ್ ರೇಗಿದರು.

“ತಮ್ಮನ ಜಾಗಾ ಹೊಲಸಿದ್ರ ನೀವು ಅವಂಗ ಬೈತೀರಂತ ಒರೆಸಿದೆ ರೀ,” ಎಂದಳು ಅಕ್ಕ.

ಕೆಲಸ ಹೋದೀತೆಂಬ ಭಯಕ್ಕೆ ನಾನು ತಪ್ಪು ಒಪ್ಪಿಕೊಳ್ಳದೆ ಆಟೋ ಕರೆಯಲು ಓಡಿದೆ.

ದವಾಖಾನೆಯಲ್ಲಿ ನರ್ಸ್ ಅವಳ ಕೈಗೆ ಪಟ್ಟಿ ಸುತ್ತುತ್ತಿದ್ದಾಗ, ಜೊತೆಗೆ ಬಂದಿದ್ದ ಸೂಪರ್‌ವೈಸರ್ ಎದುರಿಗೇ ಹೇಳಿದೆ: “ಅಕ್ಕಾ, ಬಸ್ಸಿನ ಅವಸರಕ್ಕ ನೀರು ಮೊದಲ ತುಂಬಿಸಿದಾಂವ ನಾನು. ತಪ್ಪು ನಂದು. ಮಾಫ್ ಮಾಡು.”