ರೇಸಿನ ಮೇಲಿಟ್ಟ ಕಾಲು

ಖಾನಾಪುರದ ಪೇಟೆಯಲ್ಲಿ ಗುರುಪಾದಪ್ಪನವರನ್ನು ಎಲ್ಲರೂ ‘ಸಾವಕಾರ್ರ’ ಎಂದೇ ಕರೆಯುತ್ತಿದ್ದರು. ಅವರಿದ್ದದ್ದು ಹೆಂಚಿನ ಕಾರ್ಖಾನೆಯೊಂದರಲ್ಲಿ ಟೈಮ್‌ಕೀಪರ್ ಕೆಲಸದಲ್ಲಿ. ಅಂದರೆ ಬೆಳಿಗ್ಗೆ ಗೇಟಿನ ಬಳಿ ಕುಳಿತು ಯಾರು ಎಷ್ಟು ಹೊತ್ತಿಗೆ ಬಂದರೆಂದು ಬರೆದುಕೊಳ್ಳುವುದು, ಸಂಜೆ ಅದೇ ಕುರ್ಚಿಯಲ್ಲಿ ಕುಳಿತು ಯಾರು ಎಷ್ಟು ಹೊತ್ತಿಗೆ ಹೋದರೆಂದು ಬರೆದುಕೊಳ್ಳುವುದು. ಇಂಥವರನ್ನು ಸಾವಕಾರರೆನ್ನುವ ರೂಢಿ ಯಾವ ಊರಿನಲ್ಲೂ ಇಲ್ಲ. ಆದರೆ ಅವರ ತಂದೆ ಒಂದು ಕಾಲದಲ್ಲಿ ಜಾಂಬೋಟಿ ಕಡೆಯ ಕಟ್ಟಿಗೆ ವ್ಯಾಪಾರದಲ್ಲಿ ಹೆಸರು ಮಾಡಿ, ಆ ಹೆಸರು ಕರಗುವ ಮೊದಲು ಒಂದು ಕಾರು ಕೊಂಡಿದ್ದರು. ವ್ಯಾಪಾರ ಹೋಯಿತು, ತಂದೆ ಹೋದರು. ಕಾರು ಉಳಿಯಿತು, ಅದರ ಜೊತೆಗೆ ಸಾವಕಾರಿಕೆಯೂ ಉಳಿಯಿತು.

ಆ ಕಾರಿನ ಮುಂಭಾಗದಲ್ಲಿದ್ದ ಕಂಪನಿಯ ಹೆಸರಿನ ಅಕ್ಷರಗಳು ಎಂದೋ ಉದುರಿ ಹೋಗಿದ್ದವು. ಬೆಣ್ಣೆ ಬಣ್ಣದ್ದೆಂದು ಕಾಗದಪತ್ರಗಳಲ್ಲಿತ್ತು. ನೋಡಿದವರಿಗೆ ಬೆಣ್ಣೆ ಕಾಯಿಸಿದ ಮೇಲೆ ತಳದಲ್ಲಿ ಉಳಿಯುವ ಗಸಿ ನೆನಪಾಗುತ್ತಿತ್ತು. ಅದರ ಪ್ರಾಣ ಹಿಡಿದಿಟ್ಟವನು ಸ್ಟೇಷನ್ ರೋಡಿನ ಮೇಸ್ತ್ರಿ ಬಾಳಾಸಾಹೇಬ. ವಾರಕ್ಕೊಮ್ಮೆಯಾದರೂ ಅವನ ಗ್ಯಾರೇಜಿನಲ್ಲಿ ಒಂದೇ ಸಂವಾದ ನಡೆಯುತ್ತಿತ್ತು.

“ಸಾವಕಾರ್ರ, ಮಾರ್ರಿ ಅಂದ್ರ ಮಾರಂಗಿಲ್ಲ. ಗುಜರಿಗೆ ಹಾಕ್ರಿ ಅಂದ್ರ ಹಾಕಂಗಿಲ್ಲ. ನನಗಾರ ಸೂಟಿ ಕೊಡ್ರಿ.”

“ನಮ್ಮಪ್ಪನ ಗಾಡಿ ಐತೋ ಬಾಳಾಸಾಹೇಬ.”

“ಖರೇ ಐತ್ರಿ. ಅದಕ್ಕ ಅದು ನಿಮ್ಮ ಮಾತ ಕೇಳಂಗಿಲ್ಲ.”

ಆ ವರ್ಷ, ಅಂದರೆ ಎರಡು ಸಾವಿರದ ಇಸವಿಯ ಜೂನಿನಲ್ಲಿ, ಕಾರು ಒಂದು ಹೊಸ ಚಾಳಿ ಕಲಿತಿತ್ತು. ಗುಂಡಿ ಒತ್ತಿದರೆ ಚಾಲೂ ಆಗುವುದನ್ನು ಅದು ಬಿಟ್ಟು ವರ್ಷಗಳಾಗಿದ್ದವು. ಇಳಿಜಾರಾದರೆ ಉರುಳಿಸಬೇಕು, ಸಪಾಟಾದರೆ ನಾಲ್ಕು ಜನ ದಬ್ಬಬೇಕು. ಈಗ ಚಾಲೂ ಆದ ಮೇಲೂ ರೇಸಿನ, ಅಂದರೆ ಆಕ್ಸಿಲರೇಟರಿನ, ಮೇಲಿಂದ ಕಾಲು ತೆಗೆದ ಕ್ಷಣ ಎಂಜಿನ್ ಸತ್ತುಹೋಗುತ್ತಿತ್ತು. “ಸಾಮಾನು ಕೊಲ್ಹಾಪುರದಿಂದ ಬರಬೇಕ್ರಿ,” ಎಂದ ಬಾಳಾಸಾಹೇಬ. “ಅಲ್ಲೀತನಕ ನಿಂತಲ್ಲೂ ಕಾಲ ತಗೀಬ್ಯಾಡ್ರಿ. ಒತ್ತಿ ಹಿಡೀರಿ.”

ಅದೇ ಜೂನಿನಲ್ಲಿ ಮಗಳು ಸೃಷ್ಟಿ ಪಿಯುಸಿ ಪಾಸಾದಳು. ತಾಲ್ಲೂಕಿಗೇ ಒಳ್ಳೆಯ ಅಂಕ. ಗುರುಪಾದಪ್ಪನವರು ನಾಲ್ಕು ಕಾಲೇಜುಗಳ ಅರ್ಜಿ ತಂದು ಊಟದ ಮಣೆಗಳ ಪಕ್ಕದಲ್ಲಿ ಹರಡಿದರು. ಅವುಗಳಲ್ಲಿ ಮೂರು, ಬಂದವರಿಗೆ ತೋರಿಸಲು. ನಾಲ್ಕನೆಯದು ಮಾತ್ರ ನಿಜವಾದದ್ದು. ಬೆಳಗಾವಿಯ ಒಂದು ಶಿಕ್ಷಣ ಸಂಸ್ಥೆ ಹಳ್ಳಿ-ಪೇಟೆಗಳ ಬಡ ಮನೆತನದ ಹನ್ನೆರಡು ಹೆಣ್ಣುಮಕ್ಕಳಿಗೆ ಬಿಎಸ್‌ಸಿ ಓದು, ಪ್ರಸಾದನಿಲಯದ ಊಟ, ವಸತಿ ಎಲ್ಲವನ್ನೂ ಪುಕ್ಕಟೆ ಕೊಡುತ್ತಿತ್ತು. ಅದು ಸಿಕ್ಕರೆ ಸೃಷ್ಟಿ ಕಾಲೇಜಿಗೆ. ಸಿಗದಿದ್ದರೆ ಹೊಲಿಗೆ ಕ್ಲಾಸಿಗೆ, ಅಲ್ಲಿಂದ ವರ್ಷದೊಳಗೆ ಮದುವೆಗೆ. ಇದು ಮನೆಯ ಮೂವರಿಗೂ ಗೊತ್ತಿತ್ತು, ಒಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ.

ಆ ಅರ್ಜಿಗೆ ಆದಾಯದ ದಾಖಲೆ ಬೇಕಾಗಿತ್ತು. ಗುರುಪಾದಪ್ಪನವರು ತಹಶೀಲ್ದಾರರ ಕಚೇರಿಗೆ ಹಿಂದಿನ ಓಣಿಯಿಂದ, ತಲೆಗೆ ಟವೆಲ್ ಹಾಕಿಕೊಂಡು, ಮಳೆಯಿಲ್ಲದ ದಿನ ಛತ್ರಿ ಹಿಡಿದುಕೊಂಡು ಹೋಗಿಬಂದರು. ದಾಖಲೆಯಲ್ಲಿದ್ದದ್ದು ಅಪ್ಪಟ ಸತ್ಯ. ಆ ಸತ್ಯ ಊರಿಗೆ ತಿಳಿಯಬಾರದೆಂದೇ ಅವರು ಇಪ್ಪತ್ತು ವರ್ಷ ಆ ಕಾರನ್ನು ಓಡಿಸಿಕೊಂಡು ಬಂದಿದ್ದರು. ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂಬಲ್ಲಿ ಅವರು ‘ಕೈಗಾರಿಕಾ ಆಡಳಿತ’ ಎಂದು ಬರೆದರು. ಸೃಷ್ಟಿ ಅದನ್ನು ಹೊಡೆದು ಹಾಕಿ ‘ಟೈಮ್‌ಕೀಪರ್’ ಎಂದು ಬರೆದಳು. ‘ಕುಟುಂಬದ ವಾಹನ’ ಎಂಬಲ್ಲಿ ಮಾತ್ರ, ಮಗಳು ನೀರು ಕುಡಿಯಲು ಎದ್ದಾಗ, ಅವರೇ ‘ಇಲ್ಲ’ ಎಂದು ಬರೆದು ಲಕೋಟೆಗೆ ಅಂಟು ಹಚ್ಚಿದರು.

ಸಂದರ್ಶನದ ಪತ್ರ ಬಂತು. ತಂದೆ ಜೊತೆಗಿರಬೇಕು, ಹತ್ತೂವರೆಗೆ ಹಾಜರಿರಬೇಕು.

“ಮುಂಜಾನಿ ಎಂಟರ ಬಸ್ಸಿಗೆ ಹೋಗೂಣ್ರಿ,” ಎಂದರು ಹೆಂಡತಿ ಶಿವಲಿಂಗವ್ವ.

“ಬಸ್ಸಿಗೆ? ಸ್ಟ್ಯಾಂಡಿನ್ಯಾಗ ಇಡೀ ಊರು ನಿಂತಿರತೈತಿ. ಸಾವಕಾರ್ರ ಗಾಡಿ ಎಲ್ಲಿ ಅಂದ್ರ ಏನ ಹೇಳ್ಲಿ?”

“ಗಾಡಿಗೆ ಆರಾಮಿಲ್ಲ ಅಂತ ಹೇಳ್ರಿ. ಎಲ್ಲಾರಿಗೂ ಗೊತ್ತೈತಿ.”

“ನಿನಗ ತಿಳ್ಯಂಗಿಲ್ಲ ಸುಮ್ನಿರು.”

“ಅಪ್ಪಾ, ಅಲ್ಲಿ ಗಾಡಿ ನೋಡಿದ್ರ?” ಎಂದಳು ಸೃಷ್ಟಿ. ಅಪ್ಪ ಏನು ಬರೆದಿದ್ದಾರೆಂದು ಅವಳಿಗೆ ಗೊತ್ತಿರಲಿಲ್ಲ. ಬಡವರ ಸೀಟು ಕೇಳಲು ಕಾರಿನಲ್ಲಿ ಹೋಗುವುದು ಚಂದವಲ್ಲವೆಂದಷ್ಟೇ ಅವಳ ಲೆಕ್ಕ.

ಗುರುಪಾದಪ್ಪನವರ ಬಳಿ ಯೋಜನೆ ತಯಾರಿತ್ತು. ಖಾನಾಪುರ ಬಿಡುವಾಗ ಊರೆಲ್ಲ ಕಾರು ನೋಡಬೇಕು. ಬೆಳಗಾವಿಯಲ್ಲಿ ಯಾರೂ ನೋಡಬಾರದು. ಕಾಲೇಜಿಗೆ ಎರಡು ಓಣಿ ಆಚೆ ಒಂದು ಇಳಿಜಾರಿತ್ತು. ಅಲ್ಲಿ ನಿಲ್ಲಿಸಿ, ನಡೆದು ಹೋಗಿ, ಬಡವರಾಗಿ ಮಾತಾಡಿ, ನಡೆದು ಬಂದು, ಉರುಳಿಸಿಕೊಂಡು ಹೊರಟುಬಿಡುವುದು. ಊರಿನಲ್ಲಿ ಸಾವಕಾರ, ಬೆಳಗಾವಿಯಲ್ಲಿ ಬಡವ. ನಡುವೆ ಇಪ್ಪತ್ತಾರು ಕಿಲೋಮೀಟರಿನ ಡಾಂಬರು ರಸ್ತೆ. ಇಷ್ಟು ಚೊಕ್ಕ ಯೋಜನೆ ಮಾಡಿದ ತಲೆಯನ್ನು ಹೆಂಚಿನ ಕಾರ್ಖಾನೆ ಗೇಟಿನಲ್ಲಿ ಕೂರಿಸಿದೆಯಲ್ಲ ಎಂದು ಅವರಿಗೆ ಆಗಾಗ ಬೇಸರವಾಗುತ್ತಿತ್ತು.

ಕಾರು ಮಚ್ಛೆಯಲ್ಲಿ ನಿಂತಿತು. ಪೆಟ್ರೋಲ್ ನಳಿಗೆಯಲ್ಲಿ ಕಸ. ಗುರುಪಾದಪ್ಪನವರು ಇಸ್ತ್ರಿ ಮಾಡಿದ ಅಂಗಿಯಲ್ಲೇ ನಳಿಗೆ ಬಾಯಿಗಿಟ್ಟು ಊದಿದರು. ಕಾರ್ಖಾನೆಗೆ ಹೊರಟಿದ್ದ ನಾಲ್ಕು ಮಂದಿ ಸೈಕಲ್ ನಿಲ್ಲಿಸಿ ದಬ್ಬಿದರು. ಪೀರನವಾಡಿಯಲ್ಲಿ ಇನ್ನೊಮ್ಮೆ ನಿಂತಿತು, ಇನ್ನೊಮ್ಮೆ ಊದಿದರು. ಬೆಳಗಾವಿಯ ಮೂರನೇ ರೈಲ್ವೆ ಗೇಟಿನಲ್ಲಿ ನಿಂತದ್ದು ಮಾತ್ರ ಕಾರಿನ ತಪ್ಪಲ್ಲ; ಗೇಟೇ ಹಾಕಿತ್ತು. ರೈಲು ಬರುವತನಕ ರೇಸ್ ಒತ್ತಿ ಹಿಡಿದು ಕೂತರು. ಕಾಲೇಜು ಕಂಡಾಗ ಹನ್ನೊಂದೂವರೆ.

ಇಳಿಜಾರಿನ ಓಣಿ ಸುತ್ತಿ ಬರಲು ಹೊತ್ತಿರಲಿಲ್ಲ. ಜವಾನ ವರಾಂಡದಲ್ಲಿ ನಿಂತು ಹೆಸರು ಕೂಗುತ್ತಿದ್ದ. “ಸೃಷ್ಟಿ ಗುರುಪಾದಪ್ಪ, ಖಾನಾಪುರ! ಎರಡನೇ ಸಲ ಕರಿಯಾಕತ್ತೇನಿ!” ಗುರುಪಾದಪ್ಪನವರು ಗೇಟಿನ ಬಾಜುವೇ ಕಾರು ನಿಲ್ಲಿಸಿದರು. ಸಪಾಟು ನೆಲ. ಆಫ್ ಮಾಡಿದರೆ ಇಷ್ಟು ಜನರೆದುರು ದಬ್ಬಿಸಬೇಕು.

“ಏ, ಇತ್ಲಾಗ ಬಾ,” ಎಂದು ಹೆಂಡತಿಯನ್ನು ಸ್ಟೇರಿಂಗ್ ಹಿಂದೆ ಕೂರಿಸಿದರು. “ಇದು ರೇಸ್. ಒತ್ತಿ ಹಿಡಿ. ಏನ ಆದ್ರೂ, ಯಾರ ಬಂದ್ರೂ, ನಾ ಬರೂತನಕ ಕಾಲ ತಗೀಬ್ಯಾಡ.”

“ಗಾಡಿ ಹೊಂಟಬಿಟ್ರ?”

“ಹೋಗಂಗಿಲ್ಲ. ಅದರ ಹಣೇಬರದಾಗ ಹೋಗೂದ ಇಲ್ಲ.”

ಶಿವಲಿಂಗವ್ವ ಚಪ್ಪಲಿ ಕಳಚಿ, ಸೀರೆ ನೆರಿಗೆ ಸರಿಮಾಡಿಕೊಂಡು, ಬರಿಗಾಲಿನಿಂದ ಒತ್ತಿದರು. ಕಾರು ಹೂಂಕರಿಸಿತು.

ಒಳಗೆ ಉದ್ದ ಮೇಜಿನ ಹಿಂದೆ ಮೂವರಿದ್ದರು. ನಡುವೆ ಕುಳಿತವರು ಸಂಸ್ಥೆಯ ಕಾರ್ಯದರ್ಶಿ, ಬಿಳಿ ಟೋಪಿಯ ವೃದ್ಧರು. ಆಚೀಚೆ ಇಬ್ಬರು ಪ್ರಾಧ್ಯಾಪಕರು. ಸೃಷ್ಟಿಗೆ ಪ್ರಶ್ನೆ ಕೇಳಿದರು, ಅವಳು ಚೆನ್ನಾಗಿಯೇ ಹೇಳಿದಳು. ಆಮೇಲೆ ಕಾರ್ಯದರ್ಶಿಗಳು ಅರ್ಜಿ ಎತ್ತಿಕೊಂಡು ತಂದೆಯ ಕಡೆ ತಿರುಗಿದರು.

“ಮನಿ ಸ್ವಂತದ್ದೇನ್ರಿ?”

“ಹೌದ್ರಿ. ಹಳೇದು.”

“ಹೊಲ?”

“ಇಲ್ಲರಿ.”

“ವಾಹನ ಇಲ್ಲ ಅಂತ ಬರದೀರಿ.”

“ಇಲ್ಲರಿ,” ಎಂದರು ಗುರುಪಾದಪ್ಪ. ಸೃಷ್ಟಿ ಕತ್ತು ತಿರುಗಿಸಿ ಅಪ್ಪನನ್ನು ನೋಡಿದಳು. ಅವರು ಗೋಡೆಯ ಮೇಲಿನ ಬಸವಣ್ಣನ ಫೋಟೋ ನೋಡಲು ಹೋದರು, ಅದೂ ಆಗದೆ ಗಡಿಯಾರ ನೋಡಿದರು.

ಅಷ್ಟರಲ್ಲಿ ಕಿಟಕಿಯಿಂದ ಹೊಗೆ ಒಳಗೆ ಬಂತು. ನೀಲಿ ಹೊಗೆ, ಎಣ್ಣೆಯ ವಾಸನೆ. ಕಾರ್ಯದರ್ಶಿಗಳಿಗೆ ಕೆಮ್ಮು ಹತ್ತಿತು. “ಯಾರ ಗಾಡೀರಿ ಅದು? ಎಷ್ಟೊತ್ತಾತು ಗುರ್ ಅನ್ನಾಕತ್ತು!”

ಇಲ್ಲಿ ಗುರುಪಾದಪ್ಪನವರು ಸುಮ್ಮನಿದ್ದಿದ್ದರೆ ಸಾಕಾಗಿತ್ತು. ಆದರೆ ಸುಳ್ಳು ಹೇಳಿದವನಿಗೆ ಸುಮ್ಮನಿರುವುದು ಕಷ್ಟ.

“ಇಂಥಾವರಿಗೆ ಬುದ್ಧಿ ಇರಂಗಿಲ್ಲ ಬಿಡ್ರಿ,” ಎಂದರು. “ಕಾರ ಐತಿ ಅಂತ ತೋರಸಾಕ ಬರ್ತಾರ.”

ಗೇಟಿನ ಹೊರಗೆ ಸಿಮೆಂಟ್ ಲಾರಿಯೊಂದು ಬಂದು ಹಾರ್ನ್ ಹೊಡೆಯತೊಡಗಿತು; ಕಾರು ಅಡ್ಡವಿತ್ತು. “ಭರಮಪ್ಪಾ, ಅದನ್ನ ಸರಸಾಕ ಹೇಳು,” ಎಂದು ಕಾರ್ಯದರ್ಶಿಗಳು ಜವಾನನನ್ನು ಕಳಿಸಿದರು. ಹೋದ ಭರಮಪ್ಪ ನಗು ತಡೆದುಕೊಂಡು ಬಂದ.

“ಸಾಹೇಬ್ರ, ಅದರಾಗ ಒಬ್ರು ಬಾಯಾರು ಕುಂತಾರ್ರಿ. ಗಾಡಿ ಹೊಡಿಯಾಕ ಬರಂಗಿಲ್ಲಂತ. ಇಳೀರಿ, ನಾವು ದಬ್ಬತೇವಿ ಅಂದ್ರ, ನಮ್ಮನಿಯವರು ಬರೂತನಕ ಕಾಲ ತಗಿಯಂಗಿಲ್ಲ ಅಂತಾರ. ಲಾರಿ ಡ್ರೈವರ್ ಕೈ ಮುಗದಾ. ಅದಕ್ಕೂ ತಗೀಲಿಲ್ಲ.”

ಪ್ರಾಧ್ಯಾಪಕರಿಬ್ಬರೂ ನಕ್ಕರು. ಕಾರ್ಯದರ್ಶಿಗಳು ಟೋಪಿ ತೆಗೆದು ಮೇಜಿನ ಮೇಲಿಟ್ಟು ನಕ್ಕರು. “ಯಾಂವ ಶಾಣ್ಯಾ ಅದಾನೋ! ಹೇಣ್ತೀನ್ನ ರೇಸಿಗೆ ಕಟ್ಟಿ ಹೋಗ್ಯಾನ!”

ಗುರುಪಾದಪ್ಪನವರೂ ನಕ್ಕರು. ಎಲ್ಲರಿಗಿಂತ ತುಸು ಜೋರಾಗಿ, ಎಲ್ಲರೂ ನಿಲ್ಲಿಸಿದ ಮೇಲೂ ಒಂದು ಚೂರು.

ಸೃಷ್ಟಿ ಎದ್ದು ನಿಂತಳು. ಅವಳ ಕಿವಿಗಳು ಕೆಂಪಾಗಿದ್ದವು.

“ಅದು ನಮ್ಮ ಗಾಡಿರಿ,” ಎಂದಳು. “ಕುಂತಾಕಿ ನಮ್ಮವ್ವ.”

ಕೋಣೆಯಲ್ಲಿ ಕಾರಿನ ಸದ್ದೊಂದೇ ಉಳಿಯಿತು. ಕಾರ್ಯದರ್ಶಿಗಳು ಟೋಪಿ ಮತ್ತೆ ಹಾಕಿಕೊಂಡರು. ಅರ್ಜಿ ನೋಡಿದರು, ಗುರುಪಾದಪ್ಪನವರನ್ನು ನೋಡಿದರು, ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ಸುಳ್ಳು ಬರದವರ ಅರ್ಜಿ ನಾವು ತಗೊಳ್ಳಂಗಿಲ್ಲ,” ಎಂದರು ಮೆಲ್ಲಗೆ. “ಹಿಂಗ್ಯಾಕ ಮಾಡಿದ್ರಿ? ಪಾಪ, ಹುಡುಗಿ ಶಾಣ್ಯಾಕಿ ಅದಾಳ.”

ದಾಖಲೆಯಲ್ಲಿದ್ದ ಆದಾಯ ಸತ್ಯ, ಹೊರಗಿದ್ದ ಕಾರೂ ಸತ್ಯ. ಎರಡನ್ನೂ ಒಂದೇ ಮನುಷ್ಯನಿಗೆ ಜೋಡಿಸಿ ಹೇಳುವುದು ಹೇಗೆಂದು ಗುರುಪಾದಪ್ಪನವರು ಎಂದೂ ಕಲಿತಿರಲಿಲ್ಲ.

“ಅವ್ವನ್ನರ ಇಳಸ್ರಿ,” ಎಂದಳು ಸೃಷ್ಟಿ. ಸೀಟಿನ ಮಾತೇ ಎತ್ತಲಿಲ್ಲ.

ಕಾರ್ಯದರ್ಶಿಗಳು ಕೋಲು ಹಿಡಿದು ಎದ್ದರು. “ನಡೀರಿ, ನೋಡೂಣು.”

ಗೇಟಿನ ಬಳಿ ಗುಂಪು ಸೇರಿತ್ತು. ಕಾರ್ಯದರ್ಶಿಗಳು ಕಾರನ್ನು ಒಂದು ಸುತ್ತು ಹಾಕಿ ನೋಡಿದರು. ಹಿಂದಿನ ಬಾಗಿಲಿಗೆ ಸುತಳಿ ಕಟ್ಟಿತ್ತು. ದೀಪವಿರಬೇಕಾದಲ್ಲಿ ಸ್ಟೀಲಿನ ತಾಟಿನ ತುಂಡು. ಒಳಗೆ ತಗಡು ತುಕ್ಕು ಹಿಡಿದು ಬಿದ್ದ ಜಾಗಕ್ಕೆ ಮನೆಯ ಮಣೆ ಇಟ್ಟಿದ್ದರು. ಅದರ ಪಕ್ಕದ ಸಂದಿಯಲ್ಲಿ ಬೆಳಗಾವಿಯ ರಸ್ತೆ ಕಾಣುತ್ತಿತ್ತು. ಶಿವಲಿಂಗವ್ವ ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದು, ಮುಂದೆ ನೋಡುತ್ತ ಕುಳಿತಿದ್ದರು. ಮುಖ ಬೆವೆತಿತ್ತು. ರೇಸಿನ ಮೇಲಿದ್ದ ಕಾಲು ಮೊಣಕಾಲಿನವರೆಗೆ ನಡುಗುತ್ತಿತ್ತು.

“ತಾಯಿ, ಕಾಲ ತಗೀರಿ,” ಎಂದರು ಕಾರ್ಯದರ್ಶಿಗಳು.

“ನಮ್ಮನಿಯವರು ಹೇಳಬೇಕ್ರಿ.”

ಎಲ್ಲರೂ ಮನೆಯವರನ್ನು ಹುಡುಕಿದರು. ಗುರುಪಾದಪ್ಪನವರು ಲಾರಿಯ ಮರೆಯಿಂದ ಎರಡು ಹೆಜ್ಜೆ ಮುಂದೆ ಬಂದರು. “ತಗಿ,” ಎಂದರು. ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು.

ಶಿವಲಿಂಗವ್ವ ಕಾಲು ತೆಗೆದರು. ಕಾರು ಎರಡು ಸಲ ಅಲುಗಿ ಸತ್ತಿತು.

ಕಾರ್ಯದರ್ಶಿಗಳು ಮಣೆಯನ್ನು ಕೋಲಿನಿಂದ ಮೆತ್ತಗೆ ತಟ್ಟಿದರು. “ಪ್ರೊಫೆಸರ್ ಸಾಹೇಬ್ರ,” ಎಂದರು ಕಡೆಗೆ, “ಇದಕ್ಕ ವಾಹನ ಅನ್ನಾಕ ನನ್ನ ಬಾಯಿ ಬರವಲ್ತು. ಇವರು ಬರದದ್ದು ಖರೇನ ಐತಿ. ಹುಡುಗಿ ಹೆಸರು ಬರಕೋರಿ.” ಆಮೇಲೆ ಗುರುಪಾದಪ್ಪನವರ ಭುಜದ ಮೇಲೆ ಕೈಯಿಟ್ಟರು. “ಇದರಾಗ ಇಲ್ಲೀಮಟಾ ಬಂದೀರಲ್ಲ ಮಾರಾಯ್ರ, ಬಸ್ಸಿಗೆ ರೊಕ್ಕ ಇರಲಿಲ್ಲೇನು?”

ಅದು ವ್ಯಂಗ್ಯವಾಗಿರಲಿಲ್ಲ. ನಿಜವಾದ ಮರುಕವಿತ್ತು. ಯಾವ ಮರುಕದಿಂದ ತಪ್ಪಿಸಿಕೊಳ್ಳಲು ಇಪ್ಪತ್ತು ವರ್ಷ ಕಾರು ಓಡಿಸಿದ್ದರೋ, ಅದು ಈಗ ಕಾರಿನ ಕಾರಣದಿಂದಲೇ, ಬೆಳಗಾವಿಯ ನಡುಬೀದಿಯಲ್ಲಿ, ಅವರ ಭುಜದ ಮೇಲೆ ಬಂದು ಕೂತಿತು. ಲಾರಿಯ ಹಮಾಲರು ಕಾರು ದಬ್ಬಿಕೊಟ್ಟರು. ಒಬ್ಬ, “ಅಜ್ಜಾ, ಬ್ರೇಕ್ ತಗಿ,” ಎಂದ. ಅವರಿಗೆ ಇನ್ನೂ ಐವತ್ತಾಗಿರಲಿಲ್ಲ.

ಕಾರು ಊರಿನ ಕಡೆಗೆ ಹೊರಟಿತು. ಉದ್ಯಮಬಾಗ ಕಳೆದ ಮೇಲೆ ಪಕ್ಕದಲ್ಲಿ ಕುಳಿತಿದ್ದ ಶಿವಲಿಂಗವ್ವ ಮೊಣಕಾಲು ನೀವಿಕೊಳ್ಳುತ್ತ ಕೇಳಿದರು.

“ಕಿಡಕ್ಯಾಗ ನೀವು ನಗೂದು ಕೇಳಿಸ್ತು. ಭಾಳ ನಗಾಕತ್ತಿದ್ರಿ. ಸಾಹೇಬ್ರು ಏನರ ಚೇಷ್ಟಿ ಮಾಡಿದ್ರ?”

ಸೃಷ್ಟಿ ಹಿಂದಿನ ಸೀಟಿನಲ್ಲಿ ಹೊರಗೆ ನೋಡುತ್ತಿದ್ದಳು. ಹೇಳುವುದಿಲ್ಲವೆಂದು ಅವಳ ಬೆನ್ನೇ ಹೇಳುತ್ತಿತ್ತು. ಒಂದು ಸುಳ್ಳು ಹೇಳಿದರೆ ಎಲ್ಲ ಮುಗಿಯುತ್ತಿತ್ತು. ಸುಳ್ಳು ನಾಲಿಗೆಯ ತುದಿಗೂ ಬಂದಿತ್ತು.

“ಗಾಡಿ ನಮ್ಮದಲ್ಲ ಅಂದಿದ್ದೆ,” ಎಂದರು ಗುರುಪಾದಪ್ಪ. “ಅದರಾಗ ಒಬ್ರು ಬಾಯಾರು ಕುಂತಾರ, ಕಾಲ ತಗಿಯಂಗಿಲ್ಲ ಅಂತಾರ ಅಂತ ಜವಾನ ಬಂದು ಹೇಳಿದಾ. ಎಲ್ಲಾರೂ ನಕ್ರು. ನಾನೂ ನಕ್ಕೆ.”

ಶಿವಲಿಂಗವ್ವ ಮೊಣಕಾಲು ನೀವುವುದನ್ನು ನಿಲ್ಲಿಸಿದರು.

“ಗಾಡಿ ನಮ್ಮದಲ್ಲಂದ್ರಿ, ಇರಲಿ. ಹುಡುಗಿ ಸೀಟಿನ ಸಲುವಾಗಿ ಅಂದ್ರಿ. ನಾ ಯಾರಾಕಿ ಅಂದ್ರಿ?”

“ಏನೂ ಅನ್ನಲಿಲ್ಲ.”

“ನಕ್ರಿ ಅಷ್ಟ.”

“ಹ್ಞೂಂ.”

“ಗಾಡಿ ನಿಂದ್ರಸ್ರಿ.”

“ನಿಂದ್ರಿಸಿದ್ರ ಮತ್ತ...”

“ರೇಸ್ ಒತ್ತಿ ಹಿಡದು ನಿಂದ್ರಸ್ರಿ.”

ಅವರು ಹಾಗೆಯೇ ನಿಲ್ಲಿಸಿದರು. ಶಿವಲಿಂಗವ್ವ ಮುಂದಿನ ಸೀಟಿನಿಂದ ಇಳಿದು, ಕುಂಟುತ್ತ ಆ ಕಡೆಗೆ ಹೋಗಿ, ಸುತಳಿ ಬಿಚ್ಚಿ, ಹಿಂದೆ ಮಗಳ ಪಕ್ಕ ಕುಳಿತರು. ಸೃಷ್ಟಿ ಅವ್ವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಒತ್ತತೊಡಗಿದಳು. ಪ್ರಸಾದನಿಲಯಕ್ಕೆ ಏನೇನು ಒಯ್ಯಬೇಕೆಂದು ಇಬ್ಬರೂ ಸಣ್ಣ ದನಿಯಲ್ಲಿ ಮಾತಿಗಿಳಿದರು. ಮುಂದೆ ಗುರುಪಾದಪ್ಪನವರು ಒಬ್ಬರೇ.

ಪೀರನವಾಡಿಯಲ್ಲಿ ಮಳೆ ಹತ್ತಿತು; ಮರದಡಿ ನಿಂತಿದ್ದ ಮುದುಕನೊಬ್ಬ ಕೈ ಅಡ್ಡ ಮಾಡಿ ಕಾರು ನಿಲ್ಲಿಸಿ ಕಿಟಕಿಗೆ ಬಗ್ಗಿದ. ಹಿಂದೆ ಕುಳಿತ ಇಬ್ಬರನ್ನು ನೋಡಿ ಅವನ ದನಿ ಇಳಿಯಿತು. “ಡ್ರೈವರ್ ಅಣ್ಣಾ, ಬಾಯಾರು ಹ್ಞೂಂ ಅಂದ್ರ ಮಚ್ಛೆತನಕ ಬಿಡ್ತಿಯೇನ?”

ಗುರುಪಾದಪ್ಪನವರು ಹಿಂದಕ್ಕೆ ತಿರುಗಲಿಲ್ಲ. ಕನ್ನಡಿಯಲ್ಲಿಯೂ ನೋಡಲು ಧೈರ್ಯವಾಗಲಿಲ್ಲ. ರೇಸಿನ ಮೇಲೆ ಕಾಲಿಟ್ಟುಕೊಂಡೇ, ಬಾಯಾರು ಏನೆನ್ನುತ್ತಾರೋ ಎಂದು ಕಾದರು.